ತಂಗಿ ಕಂಪ್ಯೂಟರ್ ಸೈನ್ಸ್ 7ನೇ ಸೆಮ್, ಎಐ ಬಂದ್ಮೇಲೆ ಈ ಕೆಲ್ಸ ನಂಬ್ಕೋಬಹುದಾ? ಒಳಗಿರೋರು ಹೇಳಿ

ಆಲೂರು_ರೈತ:

ಎಲ್ರಿಗೂ ನಮಸ್ಕಾರ. ನಂದು ಆಲೂರು ತಾಲ್ಲೂಕು, ಜೋಳ ಶುಂಠಿ ಹಾಕ್ತೀವಿ, ಒಂದೆರಡು ಎಕ್ರೆ ಕಾಫಿ ಐತೆ. ಪಿಯುಸಿ ಆದ್ಮೇಲೆ ಅಪ್ಪಂಗೆ ಹುಷಾರು ತಪ್ಪಿ ನಾನು ಓದು ಬಿಟ್ಟೆ, ಅದ್ಕೇ ತಂಗಿ ಆದ್ರೂ ಓದ್ಲಿ ಅಂತ ಹಠ ಹಿಡ್ದು ಹಾಸನದಲ್ಲೇ ಇಂಜಿನಿಯರಿಂಗ್‌ಗೆ ಸೇರ್ಸಿದ್ದು. ಈಗ 7ನೇ ಸೆಮ್, ಕಂಪ್ಯೂಟರ್ ಸೈನ್ಸ್. ಬ್ಯಾಂಕಲ್ಲಿ ಎಜುಕೇಷನ್ ಲೋನ್ 3 ಲಕ್ಷ ಐತೆ.

ವಿಷ್ಯ ಏನಪ್ಪ ಅಂದ್ರೆ, ಹೋದ ಭಾನುವಾರ ಊರಿಗೆ ಬಂದಿದ್ಲು. ಶುಂಠಿ ಲೆಕ್ಕ ಬರ್ಕೊಳ್ಳೋಕೆ ನಾನು ಹಳೇ ಡೈರಿ ಹಿಡ್ಕೊಂಡು ಕೂತಿದ್ದೆ, ಯಾವ್ ಗದ್ದೇಲಿ ಎಷ್ಟ್ ಚೀಲ, ಯಾರಿಗೆ ಕೊಟ್ವಿ, ಎಷ್ಟ್ ಬಾಕಿ ಅಂತ. ಅವ್ಳು "ತಡಿ ಅಣ್ಣ" ಅಂತ ಲ್ಯಾಪ್‌ಟಾಪ್ ತಗ್ದು ಎಐಗೆ ಅದೇನೋ ನಾಲ್ಕ್ ಸಾಲು ಟೈಪ್ ಮಾಡಿದ್ಲು. ಟೀ ಕುಡ್ದು ಲೋಟ ಇಡೋಷ್ಟ್ರಲ್ಲಿ ಆಪ್ ರೆಡಿ. 60 ಕೆಜಿ ಚೀಲದ ಲೆಕ್ಕ, ಬಾಕಿ ಲಿಸ್ಟು, ಕೆಳಗೆ ಒಟ್ಟು ಮೊತ್ತ, ಎಲ್ಲಾ ಐತೆ. ಮೊದ್ಲು ಖುಷಿ ಆಯ್ತು, ಆಮೇಲೆ ಹೊಟ್ಟೇಲಿ ಏನೋ ಕಲಸ್ದಂಗಾಯ್ತು. ಬಾಯಿಗೆ ಬಂದದ್ದು ಅಂದ್ಬಿಟ್ಟೆ: "ಇಷ್ಟನ್ನ ನಾನೂ ಟೈಪ್ ಮಾಡ್ಬಹುದಿತ್ತಲ್ವೇನೇ, ಇದ್ಕೆ ನಾಲ್ಕ್ ವರ್ಷ ಬೇಕಿತ್ತಾ?" ಅವ್ಳು ಏನೂ ಮಾತಾಡ್ಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿ ಎದ್ದು ಅಡಿಗೆಮನೆಗೆ ಹೋದ್ಲು. ಆ ಮುಖ ಇನ್ನೂ ಕಣ್ಣಲ್ಲೇ ಐತೆ.

ಕಾಲೇಜಲ್ಲಿ ಈ ಸಲ ಕಂಪನಿಗಳು ಬರ್ತಾ ಇರೋದೂ ಕಮ್ಮಿ ಅಂತೆ. ಅಪ್ಪ ಬ್ಯಾಂಕ್ ಎಕ್ಸಾಂ ಕಟ್ಸು ಅಂತಾರೆ, ಮಾವ ಕೆಪಿಎಸ್‌ಸಿ ಅಂತಾರೆ, ಟಿವಿ ಹಾಕಿದ್ರೆ ಸಾಫ್ಟ್‌ವೇರ್ ಕೆಲ್ಸ ಎಲ್ಲಾ ಮುಗೀತು ಅಂತಾರೆ. ನಿಜವಾಗ್ಲೂ ಒಳಗೆ ಏನ್ ನಡೀತಾ ಐತೆ? ಸಮಾಧಾನಕ್ಕೆ ಹೇಳ್ಬೇಡಿ, ಇರೋದು ಹೇಳಿ.

---

ಹೆತ್ತೂರು_ಹುಡ್ಗ:

ಅಣ್ಣಾ, ನಾನು ಸಕಲೇಶಪುರ ಕಡೆಯೋನು, ಬೆಂಗ್ಳೂರಲ್ಲಿ 14 ವರ್ಷದಿಂದ ಡೆವಲಪರ್. ಇರೋದು ಇದ್ದಂಗೆ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಟಿವಿಯವ್ರು ಎರಡು ಬೇರೆ ಬೇರೆ ವಿಷ್ಯನ ಒಂದೇ ಮೂಟೆ ಕಟ್ತಾರೆ. 2021, 22ರಲ್ಲಿ ಕಂಪನಿಗಳು ಸಿಕ್‌ಸಿಕ್ದೋರನ್ನೆಲ್ಲಾ ತಗೊಂಡ್ವು, ನಮ್ಮ ಟೀಮಲ್ಲೇ ಕೆಲ್ಸ ಇಲ್ದೆ ಬೆಂಚಲ್ಲಿ ಕೂತೋರಿದ್ರು. ಆಮೇಲೆ ಅಮೆರಿಕದಲ್ಲಿ ಬಡ್ಡಿ ದರ ಸೊನ್ನೆ ಹತ್ರ ಇದ್ದದ್ದು ಒಂದೂವರೆ ವರ್ಷದೊಳಗೆ ಶೇ 5 ದಾಟ್ತು, ದುಡ್ಡು ಬಿಗಿ ಆಯ್ತು, ಅಲ್ಲಿನ ಕ್ಲೈಂಟ್‌ಗಳು ಪ್ರಾಜೆಕ್ಟ್ ನಿಲ್ಸಿದ್ರು. ಅದೇ ಹೊತ್ತಿಗೆ ಸರಿಯಾಗಿ, 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು. ಎರಡೂ ಏಟು ಒಟ್ಟಿಗೆ ಬಿದ್ದಿದ್ರಿಂದ ಯಾವ ಗಾಯ ಯಾವುದ್ರಿಂದ ಅಂತ ಜನಕ್ಕೆ ತಿಳೀತಿಲ್ಲ. 2025ರ ಜುಲೈಯಲ್ಲಿ ಟಿಸಿಎಸ್ 12 ಸಾವಿರಕ್ಕೂ ಮೇಲ್ಪಟ್ಟು ಜನನ್ನ ತೆಗೀತೀವಿ ಅಂತು ನೋಡಿ, ಒಟ್ಟು ನೌಕರರಲ್ಲಿ ಶೇ 2ರಷ್ಟು, ಅದ್ರಲ್ಲೂ ಹೆಚ್ಚಿನವ್ರು ಮಧ್ಯದ ಮತ್ತೆ ಮೇಲಿನ ಹಂತದವ್ರು, ಅವ್ರ ಸಿಇಒನೇ ಇದು ಎಐಯಿಂದ ಅಲ್ಲ, ಸ್ಕಿಲ್ ಹೊಂದದೆ ಇರೋದ್ರಿಂದ ಅಂದ್ರು. ನಂಬೋದು ಬಿಡೋದು ನಿಮ್ಗೆ ಬಿಟ್ಟಿದ್ದು.

ಆದ್ರೆ ಏನೂ ಆಗಿಲ್ಲ ಅಂತ ಹೇಳಿದ್ರೆ ಅದೂ ಸುಳ್ಳಾಗುತ್ತೆ. ಗೂಗಲ್‌ನಲ್ಲಿ ಹೊಸ ಕೋಡಿನ ಕಾಲು ಭಾಗಕ್ಕಿಂತ ಹೆಚ್ಚು ಎಐ ಬರೀತಿದೆ, ಇಂಜಿನಿಯರ್‌ಗಳು ನೋಡಿ ಒಪ್ತಾರೆ ಅಂತ ಸುಂದರ್ ಪಿಚೈ 2024ರ ಅಕ್ಟೋಬರ್‌ನಲ್ಲೇ ಹೇಳಿದ್ರು. ನಮ್ಮಲ್ಲಿ ಮೊದ್ಲು ಒಂದು ಪ್ರಾಜೆಕ್ಟ್‌ಗೆ ಆರು ಫ್ರೆಷರ್ (ಓದು ಮುಗ್ಸಿ ಹೊಸದಾಗಿ ಸೇರಿದೋರು) ಕೊಡ್ತಿದ್ರು, ಈಗ ಇಬ್ರು. ಆ ಆರು ಜನ ಏನ್ ಮಾಡ್ತಿದ್ರು? ಸ್ಕ್ರೀನಲ್ಲಿ ತುಂಬೋ ಫಾರ್ಮ್ ಮಾಡೋದು, ತುಂಬಿದ್ದು ಸರಿ ಇದ್ಯಾ ಅಂತ ನೋಡೋ ವ್ಯಾಲಿಡೇಷನ್ ಹಾಕೋದು, ಕೋಡಿನ ಒಂದೊಂದು ತುಂಡು ಪರೀಕ್ಷೆ ಮಾಡೋ ಯೂನಿಟ್ ಟೆಸ್ಟ್, ಸಣ್ಣಪುಟ್ಟ ಬಗ್ ಟಿಕೆಟ್, ಅಂದ್ರೆ ತಪ್ಪು ಸರಿಮಾಡೋ ಕೆಲ್ಸ. ಇವತ್ತು ಅದನ್ನೇ ಎಐ ಏಜೆಂಟ್‌ಗೆ (ಹೇಳಿದ ಕೆಲ್ಸನ ತಾನೇ ಮಾಡಿ ಮುಗಿಸೋ ಪ್ರೋಗ್ರಾಂ) ಹೇಳಿ ನಾನು ಕಾಫಿ ಕುಡ್ದು ಬಂದ್ರೆ ಮುಗ್ದಿರುತ್ತೆ. ಸ್ಟ್ಯಾನ್‌ಫರ್ಡ್‌ನವ್ರು 2025ರ ಆಗಸ್ಟ್‌ನಲ್ಲಿ ಅಮೆರಿಕದ ಸಂಬಳದ ದಾಖಲೆ ಹಿಡ್ದು ನೋಡಿದ್ರು, 22ರಿಂದ 25 ವಯಸ್ಸಿನ ಡೆವಲಪರ್‌ಗಳ ಸಂಖ್ಯೆ 2022ರ ಕೊನೇಲಿ ಇದ್ದದ್ದಕ್ಕಿಂತ ಹತ್ತತ್ರ ಶೇ 20 ಇಳ್ದಿದೆ, ವಯಸ್ಸಾದೋರದ್ದು ಹಂಗೆ ಇಳ್ದಿಲ್ಲ. ನಿಮ್ಮ ತಂಗಿ ನಿಂತಿರೋದು ಸರಿಯಾಗಿ ಆ ಜಾಗದಲ್ಲೇ ಅಣ್ಣ, ಅದನ್ನ ಮುಚ್ಚಿಡಲ್ಲ ನಾನು.

ನಂಗೆ ರಾತ್ರಿ ನಿದ್ದೆ ಬರದಂಗೆ ಮಾಡೋದು ಇದೇ. ನಾನು ಕಲ್ತಿದ್ದು ಆ ಸಣ್ಣ ಬಗ್ ಟಿಕೆಟ್‌ನಲ್ಲೇ. ನಮ್ಮ ತೋಟದ ಭಾಷೇಲಿ ಹೇಳೋದಾದ್ರೆ, ಮಡಿಯಲ್ಲಿ ಸಸಿ ಹಾಕೋದೇ ನಿಲ್ಸಿದ್ರೆ ಇನ್ನು ಹತ್ತು ವರ್ಷಕ್ಕೆ ಫಸಲು ಬಿಡೋ ಗಿಡ ಎಲ್ಲಿಂದ ತರ್ತಾರೆ? ಮೀಟಿಂಗಲ್ಲಿ ಇದನ್ನ ಮೂರು ಸಲ ಕೇಳಿದೀನಿ, ಯಾರೂ ಉತ್ರ ಕೊಟ್ಟಿಲ್ಲ.

---

ಹಾಸನದ_ಟೆಸ್ಟರ್:

ತಮ್ಮಾ, ಮೊದ್ಲು ಒಂದು ಮಾತು, ಬೇಜಾರು ಮಾಡ್ಕೋಬೇಡ. ಆ "ನಾನೂ ಟೈಪ್ ಮಾಡ್ಬಹುದಿತ್ತು" ಅನ್ನೋದನ್ನ ತಂಗಿ ಹತ್ರ ವಾಪಸ್ ತಗೋ. ಅದೇ ಮಾತನ್ನ ನಂಗೆ ಆಫೀಸಲ್ಲಿ ಹೇಳಿದ್ರು, ಹೆಂಗಿರುತ್ತೆ ಅಂತ ನಂಗೊತ್ತು.

ನಾನು 11 ವರ್ಷ ಮ್ಯಾನ್ಯುಯಲ್ ಟೆಸ್ಟಿಂಗ್, ಅಂದ್ರೆ ಸಾಫ್ಟ್‌ವೇರ್‌ನ ಕೈಯಲ್ಲೇ ಬಳಸಿ ತಪ್ಪು ಹುಡ್ಕೋ ಕೆಲ್ಸ ಮಾಡ್ದೋಳು. ಕೊರೋನಾದಲ್ಲಿ ಊರಿಗೆ ಬಂದು ಹಾಸನದ ಮನೆಯಿಂದ್ಲೇ ಕೆಲ್ಸ ಮಾಡ್ತಿದ್ದೆ. ಹೋದ ವರ್ಷ ಒಂದು ಸೋಮವಾರ ಬೆಳಿಗ್ಗೆ ವಿಡಿಯೋ ಕಾಲ್‌ಗೆ ಕರೆದ್ರು, ಕುಕ್ಕರ್ ಇಟ್ಟು ಕೂತಿದ್ದೆ, ಮೂರನೇ ವಿಷಲ್ ಕೂಗೋ ಹೊತ್ತಿಗೆ ನನ್ ಕೆಲ್ಸ ಹೋಗಿತ್ತು. ಒಂಬತ್ತು ಜನರ ಟೀಮ್ ಮೂರಾಯ್ತು. ಕೆಲ್ಸ ಹೋಗಿದ್ದಕ್ಕಿಂತ ಜಾಸ್ತಿ ನೋವಾಗಿದ್ದು ಏನು ಗೊತ್ತಾ, ಅದ್ಕೂ ಮುಂಚೆ ಎರಡು ತಿಂಗ್ಳು ನಮ್ ಕೈಯಲ್ಲೇ ಹಳೇ ಟೆಸ್ಟ್ ಕೇಸ್ (ಏನೇನು ಪರೀಕ್ಷೆ ಮಾಡ್ಬೇಕು ಅನ್ನೋ ಪಟ್ಟಿ) ಎಲ್ಲಾ ನೀಟಾಗಿ ಜೋಡ್ಸಿ ಕೊಡಿ ಅಂತ ಬರೆಸ್ಕೊಂಡಿದ್ರು. ಅದನ್ನೇ ಎಐ ಟೂಲ್‌ಗೆ ಹಾಕಿದ್ದು ಅಂತ ಆಮೇಲೆ ಗೊತ್ತಾಯ್ತು. ಸೈಟ್ ಲೋನ್ ಕಂತು, ಮಗನ ಸ್ಕೂಲ್ ಫೀಸು, ಅತ್ತೆ ಮಾತ್ರೆ. ಏಳು ತಿಂಗ್ಳು ಖಾಲಿ ಕೂತಿದ್ದೆ.

ಹೆತ್ತೂರಿನವ್ರೇ, ನೀವು ಬಡ್ಡಿ ದರ ಅಂತೀರಿ, ಇರಬಹುದು, ಆದ್ರೆ ನನ್ ಕುರ್ಚಿಯಲ್ಲಿ ಈಗ ಕೂತಿರೋದು ಬಡ್ಡಿ ದರ ಅಲ್ಲ. ಎಐ ಯಾರ ಕೆಲ್ಸನೂ ತಿನ್ನಲ್ಲ ಅಂತ ಹೇಳ್ಕೊಂಡು ಓಡಾಡೋರನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ. ತಿಂದಿದೆ. ಈಗ ಆಟೊಮೇಷನ್ನು (ಪ್ರೋಗ್ರಾಂ ಬರ್ದು ಟೆಸ್ಟ್ ಮಾಡೋದು), ಎಪಿಐ ಟೆಸ್ಟಿಂಗು (ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಮಾತಾಡೋ ದಾರಿ ಪರೀಕ್ಷೆ ಮಾಡೋದು) ಕಲ್ತು ಬೇರೆ ಕಡೆ ಸೇರಿದೀನಿ, ಸಂಬಳ ಮುಂಚಿಗಿಂತ ಕಮ್ಮಿ, ದಿನಾ ಆ ಟೂಲೇ ಬರೆದ ಟೆಸ್ಟ್‌ನ ನಾನು ಕೂತು ನೋಡ್ತೀನಿ. ಹತ್ತರಲ್ಲಿ ಮೂರೋ ನಾಲ್ಕೋ ಏನನ್ನೂ ಪರೀಕ್ಷೆನೇ ಮಾಡಿರಲ್ಲ, ಸುಮ್ನೆ ಪಾಸ್ ಆಗೋ ಥರ ಬರ್ದಿರುತ್ತೆ. ಅದನ್ನ ಹಿಡಿಯೋಕೆ ನನ್ನ 11 ವರ್ಷ ಬೇಕಾಯ್ತು.

ತಂಗಿನ ಕೋರ್ಸ್ ಬಿಡ್ಸಬೇಡ. ಬ್ಯಾಂಕ್ ಎಕ್ಸಾಂ ಜೊತೆಗೆ ಕಟ್ಲಿ, ತಪ್ಪೇನಿಲ್ಲ, ಒಂದೇ ಕಡೆ ಭಾರ ಹಾಕ್ಬೇಡಿ ಈಗ.

---

ಚನ್ನರಾಯಪಟ್ಣ_ಎಂಜಿ:

ಅಕ್ಕಾ ನಿಮ್ ಮಾತು ಓದಿ ತುಂಬಾ ಬೇಜಾರಾಯ್ತು. ಆದ್ರೆ ಎಐ ಅಂದ್ರೆ ಎಲ್ಲಾ ಫಾಸ್ಟ್ ಅನ್ನೋದೂ ಪೂರ್ತಿ ನಿಜ ಅಲ್ಲ. 2025ರಲ್ಲಿ ಮೀಟರ್ (METR) ಅಂತ ಒಂದು ಸಂಶೋಧನಾ ಸಂಸ್ಥೆಯವ್ರು 16 ಜನ ಪಳಗಿದ ಓಪನ್ ಸೋರ್ಸ್ (ಕೋಡ್ ಎಲ್ರಿಗೂ ತೆರೆದಿಟ್ಟಿರೋ ಸಾಫ್ಟ್‌ವೇರ್) ಡೆವಲಪರ್‌ಗಳಿಗೆ ಅವ್ರದ್ದೇ ಪ್ರಾಜೆಕ್ಟಿನ 246 ಕೆಲ್ಸ ಕೊಟ್ಟು ನೋಡಿದ್ರು. ಎಐ ಬಳಸಿದಾಗ ಅವ್ರಿಗೆ ಶೇ 19 ಹೆಚ್ಚು ಟೈಮ್ ಹಿಡೀತು, ಆದ್ರೆ ಕೇಳಿದ್ರೆ ನಾವು ಶೇ 20 ಬೇಗ ಮುಗಿಸಿದ್ವಿ ಅಂದ್ರಂತೆ! ಅಂದ್ರೆ ಬೇಗ ಆಯ್ತು ಅಂತ ಅನ್ಸುತ್ತೆ ಅಷ್ಟೆ.

---

ಹೆತ್ತೂರು_ಹುಡ್ಗ:

ಹೌದು, ಅದನ್ನ ನಾನೂ ಓದಿದೀನಿ, ಆದ್ರೆ ಅವ್ರು ವರ್ಷಗಟ್ಲೆ ಕೈಯಾಡಿಸಿದ ದೊಡ್ಡ ಪ್ರಾಜೆಕ್ಟ್ ಅದು, ಒಳಹೊರಗೆಲ್ಲಾ ಗೊತ್ತಿರೋರು. ಹೊಸದಾಗಿ ಶುರು ಮಾಡೋ ಸಣ್ಣ ಕೆಲ್ಸಕ್ಕೆ ಆ ಲೆಕ್ಕ ಬರಲ್ಲ. ಮತ್ತೆ ಟೂಲ್‌ಗಳು ಆರಾರು ತಿಂಗ್ಳಿಗೆ ಬದಲಾಗ್ತಿವೆ. ಅದನ್ನ ನಂಬ್ಕೊಂಡು ಹುಡುಗರು ನಿರಾಳ ಆಗ್ಬಾರ್ದು.

ಅಕ್ಕಾ, ಬಡ್ಡಿ ದರದ ಮಾತು ನಿಮ್ಮ ವಿಷ್ಯಕ್ಕೆ ಹೇಳಿದ್ದಲ್ಲ, ಕ್ಷಮಿಸಿ.

---

ಕಾಫಿ_ಲೆಕ್ಕ:

ಚಿಕ್ಕಮಗಳೂರಿಂದ. ನಾಲ್ಕು ಜನರ ಸಣ್ಣ ಆಫೀಸ್ ನಮ್ದು, ಕಾಫಿ ವ್ಯಾಪಾರಸ್ಥರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡ್ತೀವಿ, ಖರೀದಿ ಬಿಲ್ಲು, ಬೆಳೆಗಾರರಿಗೆ ಕೊಟ್ಟ ಅಡ್ವಾನ್ಸು, ಗೋಣಿಚೀಲದ ಲೆಕ್ಕ ಇಂಥದ್ದೆಲ್ಲ. ದೊಡ್ಡ ಕಂಪನಿ ಸುದ್ದಿ ನಂಗೆ ಅಷ್ಟು ಗೊತ್ತಿಲ್ಲ, ನಮ್ಮಲ್ಲಿ ನಡ್ದಿದ್ದನ್ನ ಹೇಳ್ತೀನಿ, ಈ ಪ್ರಶ್ನೆಗೆ ಅದೇ ಉತ್ರ ಅಂತ ನಂಗನ್ಸುತ್ತೆ.

ಹೋದ ಕುಯ್ಲಿನ ಟೈಮಲ್ಲಿ ಖರೀದಿ ಮಾಡ್ಯೂಲ್ (ಸಾಫ್ಟ್‌ವೇರ್‌ನಲ್ಲಿ ಖರೀದಿ ಲೆಕ್ಕದ ಭಾಗ) ಹೊಸದಾಗಿ ಮಾಡ್ಬೇಕಿತ್ತು. ಮೂರು ವಾರದ ಕೆಲ್ಸ, ಎಐ ಏಜೆಂಟ್ ಹಿಡ್ದು ಎರಡೇ ದಿನಕ್ಕೆ ಮುಗ್ಸಿದ್ವಿ. ಟೆಸ್ಟೂ ಅದ್ರ ಕೈಯಲ್ಲೇ ಬರೆಸಿದ್ವಿ, ಎಲ್ಲಾ ಹಸಿರು ಟಿಕ್. ಆ ವರ್ಷ ಇಬ್ರು ಫ್ರೆಷರ್ ತಗೋಬೇಕು ಅಂತಿತ್ತು, ಬೇಡ ಅಂತ ತೀರ್ಮಾನ ಮಾಡ್ದೋನೂ ನಾನೇ. ಅದನ್ನ ಇಲ್ಲಿ ಒಪ್ಕೋಬೇಕು.

ಮೊದಲ ದಿನ ಮಂಡಿಗೆ ಮೂಡಿಗೆರೆ ಕಡೆಯ ಒಬ್ರು ವಯಸ್ಸಾದ ಬೆಳೆಗಾರ್ರು 40 ಚೀಲ ರೊಬಸ್ಟಾ ಚೆರ್ರಿ ತಂದಿದ್ರು. ಗೊತ್ತಿಲ್ದೋರಿಗೆ ಹೇಳ್ತೀನಿ, ಚೆರ್ರಿ ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಚೀಲ 50 ಕೆಜಿ. ಸ್ಯಾಂಪಲ್ ತೆಗ್ದು ಸಿಪ್ಪೆ ಬಿಡ್ಸಿ ಬೀಜ ತೂಗಿ ಔಟ್‌ಟರ್ನ್ ಹೇಳ್ತಾರೆ. ಅವ್ರದ್ದು 27 ಬಂತು. ಹಂಗಂದ್ರೆ 50 ಕೆಜಿ ಚೀಲದಲ್ಲಿ 27 ಕೆಜಿ ಬೀಜ. ರೇಟು ಲೆಕ್ಕಕ್ಕೆ ಕೆಜಿ ಬೀಜಕ್ಕೆ 380 ಅಂತ ಇಟ್ಕೊಳ್ಳಿ, 27 ಇಂಟು 380, ಚೀಲಕ್ಕೆ 10,260, ನಲವತ್ತು ಚೀಲಕ್ಕೆ 4,10,400 ಆಗ್ಬೇಕು. ಪ್ರಿಂಟರ್‌ನಿಂದ ಬಂದ ಬಿಲ್ಲಲ್ಲಿ 2,05,200 ಅಂತಿದೆ.

ಕೌಂಟರಲ್ಲಿ ಕೂತ ಹುಡ್ಗ ಕಂಪ್ಯೂಟರ್ ಬಿಲ್ಲು ಅಂತ ಹಂಗೇ ಕೊಟ್ಟಿದಾನೆ. ಆ ಯಜಮಾನ್ರು ಚೀಟಿ ಹಿಡ್ದು ಒಂದ್ ಕ್ಷಣ ನೋಡಿದ್ರು, ಪೆನ್ನೂ ಕೇಳ್ಲಿಲ್ಲ, "ಮಗಾ, ಇಪ್ಪತ್ತೇಳು ಅಂದ್ರೆ ಚೀಲಕ್ಕೆ ಇಪ್ಪತ್ತೇಳು ಕೆಜಿ ಕಣೋ, ನೂರಕ್ಕಲ್ಲ" ಅಂದ್ರು. ನಾನು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ. ಎಐ ಔಟ್‌ಟರ್ನ್ ಅನ್ನೋದನ್ನ ಶೇಕಡಾ ಅಂತ ತಿಳ್ಕೊಂಡು 50 ಕೆಜಿಗೆ ಶೇ 27 ಅಂತ ಹದಿಮೂರೂವರೆ ಕೆಜಿ ತಗೊಂಡಿದೆ. ಕೋಡ್ ಓದಿದ್ರೆ ಎಷ್ಟು ಚೆಂದ ಇತ್ತು ಗೊತ್ತಾ, ಒಂದೊಂದಕ್ಕೂ ನೀಟಾಗಿ ಹೆಸ್ರಿಟ್ಟು ಕಮೆಂಟ್ ಹಾಕಿ ಬರ್ದಿತ್ತು. ಟೆಸ್ಟಲ್ಲಿ ಯಾಕೆ ಸಿಕ್ಲಿಲ್ಲ ಅಂದ್ರೆ ಟೆಸ್ಟನ್ನೂ ಅದೇ ತಪ್ಪು ತಿಳುವಳಿಕೆಯಿಂದ್ಲೇ ಬರ್ದಿತ್ತು. ಪ್ರಶ್ನೆ ಪತ್ರಿಕೆನೂ ಅದೇ, ಉತ್ರನೂ ಅದೇ, ಮೌಲ್ಯಮಾಪನನೂ ಅದೇ, ಪಾಸ್ ಆಗ್ದೆ ಇನ್ನೇನಾಗುತ್ತೆ. ಮೇಲೆ ಟೆಸ್ಟರ್ ಅಕ್ಕ ಹೇಳಿದ್ದು ಇದನ್ನೇ.

ಆ ಯಜಮಾನ್ರು ಲೆಕ್ಕ ಬಲ್ಲೋರು, ಸರಿಹೋಯ್ತು. ಹತ್ತು ಚೀಲ ತರೋ ಸಣ್ಣ ಬೆಳೆಗಾರ ಕಂಪ್ಯೂಟರ್ ಹೇಳಿದ್ದೇ ಸರಿ ಅಂತ ದುಡ್ಡು ಎಣಿಸ್ಕೊಂಡು ಹೋಗಿದ್ರೆ? ವರ್ಷದ ದುಡಿಮೆ ಅರ್ಧಕ್ಕರ್ಧ ನಮ್ಮಿಂದ ಹೋಗ್ತಿತ್ತು. ಇವತ್ತಿಗೂ ನೆನಪಾದ್ರೆ ಮೈ ಬೆವರುತ್ತೆ.

ಅದಾದ್ಮೇಲೆ ಒಬ್ಬ ಹುಡುಗನ್ನ ತಗೊಂಡ್ವಿ. ಮೊದಲ ತಿಂಗ್ಳು ಕೋಡ್ ಮುಟ್ಟೋದೇ ಬೇಡ ಅಂತ ಮಂಡಿಯಲ್ಲಿ ಕೂರ್ಸಿದೆ, ತೂಕ ನೋಡು, ಜಗಳ ಕೇಳು, ಯಾಕೆ ಕಡಿತ ಮಾಡ್ತಾರೆ ಬರ್ಕೋ ಅಂತ. ಈಗ ಕೋಡ್ ಎಐ ಬರೆಯುತ್ತೆ, ಅವನು ಓದ್ತಾನೆ, ತಪ್ಪು ಅಂತ ಎದುರು ಹೇಳ್ತಾನೆ. ಇಂಟರ್‌ವ್ಯೂ ಕೂಡ ಹಂಗೇ ಮಾಡಿದೆ, ಎಐ ಬರೆದ ಇನ್ನೂರು ಸಾಲಿನ ಕೋಡ್ ಪ್ರಿಂಟ್ ತೆಗ್ದು ಕೊಟ್ಟೆ, ಅದ್ರಲ್ಲಿ ಮೂರು ತಪ್ಪು ಇದೆ, ಒಂದು ಗಂಟೆ ಟೈಮು, ಹುಡ್ಕು ಅಂತ. ಹನ್ನೊಂದು ಜನ ಬಂದಿದ್ರು. ಪ್ರಾಜೆಕ್ಟ್ ಪಟ್ಟಿ ಎಲ್ರದ್ದೂ ಉದ್ದುದ್ದ ಇತ್ತು, ಮೂರೂ ಹುಡ್ಕಿದ್ದು ಒಬ್ನೇ.

ಆಲೂರಿನವ್ರೇ, ನಿಮ್ಮ ತಂಗಿಗೆ ನನ್ನ ಕಡೆಯಿಂದ ಹೇಳಿ: ಆ ಶುಂಠಿ ಆಪ್ ಇದ್ಯಲ್ಲ, ಅದನ್ನ ಬಿಡೋದು ಬೇಡ. ಸಾಲು ಸಾಲು ಓದ್ಲಿ, ಅರ್ಥ ಆಗ್ದಿದ್ದನ್ನ ಅಳಿಸಿ ಕೈಯಲ್ಲಿ ಬರೀಲಿ. ಎಸ್‌ಕ್ಯೂಎಲ್ (ಡೇಟಾಬೇಸಿಂದ ಮಾಹಿತಿ ಕೇಳೋ ಭಾಷೆ) ಗಟ್ಟಿ ಮಾಡ್ಕೊಳ್ಲಿ, ಗಿಟ್ (ಕೋಡಲ್ಲಿ ಮಾಡಿದ ಬದಲಾವಣೆಗಳ ಲೆಕ್ಕ ಇಡೋ ಟೂಲು) ಕಲೀಲಿ, ಎರರ್ ಬಂದಾಗ ಚಾಟ್‌ಜಿಪಿಟಿಗೆ ಅಂಟ್ಸೋ ಮುಂಚೆ ಹತ್ತು ನಿಮಿಷ ತಾನೇ ಲಾಗ್ (ಪ್ರೋಗ್ರಾಂ ಏನೇನು ಮಾಡ್ತು ಅನ್ನೋ ದಾಖಲೆ) ಓದ್ಲಿ. ಹೊಲ ನಿಮ್ದು, ಬೆಳೆ ನಿಮ್ದು, ಆ ಲೆಕ್ಕದ ಒಳಮರ್ಮ ಬೆಂಗ್ಳೂರಲ್ಲಿ ಕೂತೋರಿಗಿಂತ ಅವ್ಳಿಗೆ ಚೆನ್ನಾಗಿ ಗೊತ್ತಿದೆ.

---

ಲೆಕ್ಕಿಗರ_ಮಗ:

ಕಾಫಿ ಲೆಕ್ಕದವ್ರು ಹೇಳಿದ್ದು ಓದಿ ನಮ್ಮಪ್ಪ ನೆನಪಾದ್ರು. ಅರಸೀಕೆರೆ ತಾಲ್ಲೂಕಲ್ಲಿ ಗ್ರಾಮ ಲೆಕ್ಕಿಗರಾಗಿದ್ರು. 2000ದ ಆಸುಪಾಸಲ್ಲಿ ಭೂಮಿ ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರ್‌ಗೆ ಹೋಯ್ತು, ಕೈಬರಹದ ಪಹಣಿ ನಿಂತೇಹೋಯ್ತು. ಇನ್ನು ನನಗೇನು ಕೆಲ್ಸ ಅಂತ ಅಪ್ಪ ಊಟ ಬಿಟ್ಟು ಕೂತಿದ್ದು ನೆನಪಿದೆ. ಆಮೇಲೆ ನೋಡಿದ್ರೆ ಪ್ರಿಂಟ್ ಹೊರೆಗಟ್ಲೆ ಮನೆಗೆ ಬಂತು, ಸರ್ವೆ ನಂಬರ್ ಹಿಡ್ದು ಸಾಲು ಸಾಲಾಗಿ ತಾಳೆ ನೋಡ್ಬೇಕು. ಯಾವ ಮೂಲೆ ಯಾರ ಉಳುಮೆ ಅಂತ ಅಪ್ಪಂಗೆ ಬಾಯಿಪಾಠ, ಕೆಂಪು ಪೆನ್ನು ಹಿಡ್ಕೊಂಡು ರಾತ್ರಿ ಹನ್ನೊಂದರವರೆಗೆ ಕೂರ್ತಿದ್ರು. ಬರೆಯೋ ಕೆಲ್ಸ ಹೋಯ್ತು, ತಾಳೆ ನೋಡೋ ಕೆಲ್ಸ ಬಂತು, ಅದ್ರಲ್ಲಿ ಜವಾಬ್ದಾರಿ ಮೊದ್ಲಿಗಿಂತ ಜಾಸ್ತಿ.

---

ಹಾಸನದ_ಟೆಸ್ಟರ್:

ಒಳ್ಳೇ ಮಾತು. ಆದ್ರೆ ನಿಮ್ಮಪ್ಪ ಸರ್ಕಾರಿ ನೌಕರ್ರು, ತಾಳೆ ನೋಡೋದು ಕಲಿಯೋವರೆಗೂ ತಿಂಗ್ಳು ತಿಂಗ್ಳು ಸಂಬಳ ಬಂತು. ನಮ್ಗೆ ಆ ಏಳು ತಿಂಗ್ಳು ಯಾರು ಕೊಡ್ತಾರೆ? ಕಂಪನಿಗಳು ಅಷ್ಟು ಲಾಭ ಮಾಡೋವಾಗ ಮೂರು ತಿಂಗ್ಳು ಕೂರ್ಸಿ ಹೊಸದು ಕಲಿಸಿದ್ರೆ ಏನು ಗಂಟು ಹೋಗ್ತಿತ್ತು? ಇದನ್ನ ಯಾರಾದ್ರೂ ಗಟ್ಟಿಯಾಗಿ ಕೇಳ್ಬೇಕು. ಫ್ರೆಷರ್ ಸಂಬಳ ಹತ್ತು ಹದಿನೈದು ವರ್ಷದಿಂದ ಅದೇ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಲ್ಲೇ ನಿಂತಿದೆ, ಈಗ ಅದೂ ಭಾರ ಆಯ್ತಾ ಅವ್ರಿಗೆ?

---

ಆಲೂರು_ರೈತ:

ಎಲ್ರಿಗೂ ಕೈ ಮುಗ್ದೆ. ಅಕ್ಕಾ, ನೀವು ಹೇಳ್ದಂಗೆ ಮಾತು ವಾಪಸ್ ತಗೊಂಡೆ, ಫೋನಲ್ಲೇ, ಅವ್ಳು ಅತ್ಲು, ನಂಗೂ ಗಂಟ್ಲು ಕಟ್ತು.

ಆಮೇಲೆ ನಿಮ್ದೆಲ್ಲಾ ಓದಿ ಹೇಳ್ದೆ. ಸ್ಟ್ಯಾನ್‌ಫರ್ಡ್ ಲೆಕ್ಕ ಹೇಳಿದಾಗ "ಗೊತ್ತು ಅಣ್ಣ, ಕ್ಲಾಸಲ್ಲಿ ಎಲ್ರೂ ಅದನ್ನೇ ಮಾತಾಡ್ತಾರೆ" ಅಂದ್ಲು. ಅಂದ್ರೆ ನನ್ಗಿಂತ ಮುಂಚೆ ಅವ್ಳಿಗೇ ಗೊತ್ತಿತ್ತು, ಮನೇಲಿ ಹೇಳ್ಕೊಂಡಿರ್ಲಿಲ್ಲ ಅಷ್ಟೆ. ಔಟ್‌ಟರ್ನ್ ವಿಷ್ಯ ಓದಿದಾಗ ಮಾತ್ರ ಮಧ್ಯದಲ್ಲೇ ತಡೆದು ತಿರುಗಾ ಓದು ಅಂದ್ಲು. ನಿನ್ನೆ ರಾತ್ರಿ ಶುಂಠಿ ಆಪಲ್ಲಿ ಒಂದ್ ತಪ್ಪು ಹಿಡ್ದವ್ಳೆ: ಮಣ್ಣಿಗೆ ಅಂತ ಚೀಲಕ್ಕೆ ಇಷ್ಟು ಕೆಜಿ ಅಂತ ಮುರ್ಕೊಳ್ತಾರಲ್ಲ, ಅದು ಲೆಕ್ಕದಲ್ಲೇ ಇರ್ಲಿಲ್ಲ. ನಂಗೂ ಹೊಳೆದಿರ್ಲಿಲ್ಲ, ಡೈರೀಲಿ ಬೇರೆ ಪುಟದಲ್ಲಿ ಬರೀತಿದ್ದೆ.

ಕಾಫಿ ಲೆಕ್ಕದ ಸಾರ್, ಅವ್ಳು ನಿಮ್ಗೊಂದು ಪ್ರಶ್ನೆ ಕೇಳು ಅಂದವ್ಳೆ: ತೇವಾಂಶ ಜಾಸ್ತಿ ಇದ್ರೆ ಕಡಿತ ಮಾಡೋದು ಔಟ್‌ಟರ್ನ್ ಮೇಲಾ, ಚೀಲದ ತೂಕದ ಮೇಲಾ? ಎರಡ್ರಲ್ಲೂ ಮೊತ್ತ ಬೇರೆ ಬರುತ್ತಂತೆ.

---

ಕಾಫಿ_ಲೆಕ್ಕ:

ವ್ಯಾಪಾರಸ್ಥರಿಂದ ವ್ಯಾಪಾರಸ್ಥರಿಗೆ ಬೇರೆ ಅಮ್ಮಾ. ಅದ್ಕೇ ನಾವು ಅದನ್ನ ಕೋಡಲ್ಲಿ ಕಟ್ಟಿಹಾಕದೆ ಸೆಟ್ಟಿಂಗಲ್ಲಿ ಇಟ್ಟಿದೀವಿ, ಅದನ್ನ ತಿಳ್ಕೊಳೋಕೆ ನಮ್ಗೆ ಎರಡು ಸೀಸನ್ ಹಿಡೀತು. ಎಐ ಆಗ್ಲಿ, ಇಂಟರ್‌ವ್ಯೂಗೆ ಬಂದ ಹನ್ನೊಂದು ಜನ ಆಗ್ಲಿ, ಒಬ್ರೂ ಇದನ್ನ ಕೇಳಿರ್ಲಿಲ್ಲ.

ಆಲೂರಿನವ್ರೇ, ಕೆಲ್ಸ ಕೊಡ್ತೀನಿ ಅಂತ ಮಾತು ಕೊಡೋ ಸ್ಥಿತಿ ನಂದಲ್ಲ, ಸಣ್ಣ ಆಫೀಸು. 8ನೇ ಸೆಮ್‌ನಲ್ಲಿ ಇಂಟರ್ನ್‌ಶಿಪ್ ಇರುತ್ತಲ್ಲ, ಕುಯ್ಲಿನ ಸೀಸನ್ನೂ ಅದೇ ಹೊತ್ತಿಗೆ ಬರುತ್ತೆ. ಎರಡು ತಿಂಗ್ಳು ಬರ್ಲಿ, ಬಸ್ ಚಾರ್ಜು ಊಟ ನಮ್ದು, ಜೊತೆಗೆ ಸ್ವಲ್ಪ ಸ್ಟೈಪೆಂಡ್. ಬರೋವಾಗ ಶುಂಠಿ ಆಪ್ ತರ್ಲಿ, ಅವ್ಳು ಹಿಡಿದ ತಪ್ಪಿನ ಪಟ್ಟಿನೂ ತರ್ಲಿ.

---

ಹಾಸನದ_ಟೆಸ್ಟರ್:

ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಅರವತ್ತು ಚಿಲ್ರೆ ಕಿಲೋಮೀಟರ್, ದಿನಾ ಓಡಾಡೋದು ಸುಸ್ತು. ನಮ್ಮ ಚಿಕ್ಕಮ್ಮ ಚಿಕ್ಕಮಗಳೂರಲ್ಲೇ ಇದಾರೆ, ಮಕ್ಳೆಲ್ಲಾ ಹೊರಗಡೆ, ಮನೇಲಿ ಒಬ್ರೇ. ಕೇಳಿ ನೋಡ್ತೀನಿ ತಮ್ಮಾ. ಟೆಸ್ಟ್ ಬರೆಯೋದು ಏನಾದ್ರೂ ತಿಳೀದಿದ್ರೆ ಭಾನುವಾರ ನಂಗೆ ಮೆಸೇಜ್ ಮಾಡೋಕೆ ಹೇಳು.